ಕೋಟಿಂಗ್ ಹಾಕಿಸಿದ್ರೆ ಮುಗೀತಾ? ಮೈಸೂರಿನ ಬಿಸಿಲು, ಬೋರ್‌ವೆಲ್ ನೀರು ಮತ್ತು ನಿಮ್ಮ ಕಾರಿನ ಬಣ್ಣ

 

ಇವತ್ತಿನ ವಿಷಯ ಕಾರಿನ ಬಣ್ಣ. ಯಾವ ಕಲರ್ ತಗೋಬೇಕು ಅನ್ನೋದಲ್ಲ. ತಗೊಂಡ ಮೇಲೆ ಅದನ್ನ ಉಳಿಸಿಕೊಳ್ಳೋದು ಹೇಗೆ, ಸಾವಿರಾರು ರೂಪಾಯಿ ಕೊಟ್ಟು ಅದರ ಮೇಲೆ ಹಾಕಿಸೋ ಕೋಟಿಂಗನ್ನ ನೋಡಿಕೊಳ್ಳೋದು ಹೇಗೆ ಅನ್ನೋದು. ನಾನು ಮೈಸೂರಿನಲ್ಲಿ ಕಾರ್ ಡೀಟೇಲಿಂಗ್ ಕೆಲಸ ಮಾಡೋನು. ನಮ್ಮ ಶೆಡ್ಡಿಗೆ ಬರೋರಲ್ಲಿ ಹೆಚ್ಚಿನವರು ಮೊದಲ ಕಾರು ತಗೊಂಡಿರೋ ಹುಡುಗರು, ಹುಡುಗೀರು. ಇಎಂಐ ಇನ್ನೂ ಶುರುವಾಗಿರಲ್ಲ, ಅಷ್ಟರಲ್ಲೇ ಕೇಳೋ ಪ್ರಶ್ನೆ ಒಂದೇ: "ಅಣ್ಣ, ಸೆರಾಮಿಕ್ ಹಾಕಿಸಿದ್ರೆ ಮೂರು ವರ್ಷ ಏನೂ ಮಾಡೋ ಹಾಗೇ ಇಲ್ವಂತೆ, ಹೌದಾ?"

ಇಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಕೋಟಿಂಗ್ ಹಾಕಿಸಿದ ಕಾರನ್ನ ತೊಳೆಯೋದು ಸುಲಭ ಆಗುತ್ತೆ, ತೊಳೆಯೋದು ತಪ್ಪಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೇ ಜನ ಮೂವತ್ತು, ನಲವತ್ತು ಸಾವಿರ ಕೊಟ್ಟು, ಒಂದೇ ವರ್ಷದಲ್ಲಿ "ಕೋಟಿಂಗ್ ಹೋಯ್ತು, ಮೋಸ ಆಯ್ತು" ಅಂತ ತಲೆ ಮೇಲೆ ಕೈ ಹೊತ್ತು ಕೂರೋದನ್ನ ನಾನು ನೋಡ್ತಾನೇ ಇದ್ದೀನಿ. ಹಾಗಾಗಿ ಇವತ್ತು ಬುಡದಿಂದ ಮಾತಾಡೋಣ.

ಬಣ್ಣ ಅಂದ್ರೆ ಎಷ್ಟು ದಪ್ಪ?

ಕಾರಿನ ಬಾನೆಟ್ ಮೇಲೆ ಕೈ ಇಟ್ಟಾಗ ನಿಮ್ಮ ಬೆರಳಿಗೆ ಸಿಗೋದು ಬಣ್ಣ ಅಲ್ಲ. ಬಣ್ಣದ ಮೇಲಿರೋ ಪಾರದರ್ಶಕ ಪದರ, ಅದನ್ನ ಕ್ಲಿಯರ್ ಕೋಟ್ ಅಂತಾರೆ. ಕೆಳಗಿಂದ ಲೆಕ್ಕ ಹಾಕಿ: ಮೊದಲು ಉಕ್ಕಿನ ತಗಡು, ಅದರ ಮೇಲೆ ತುಕ್ಕು ತಡೆಯೋ ಲೇಪ, ಆಮೇಲೆ ಪ್ರೈಮರ್, ಆಮೇಲೆ ನೀವು ಆಸೆಪಟ್ಟು ಆರಿಸಿದ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಫ್ಯಾಕ್ಟರಿಯಿಂದ ಬಂದ ಕಾರಿನಲ್ಲಿ ಇಷ್ಟೂ ಸೇರಿದ್ರೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದನ್ನೇ ತಗೊಂಡ್ರೆ ಸುಮಾರು 35ರಿಂದ 50 ಮೈಕ್ರಾನ್.

ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲು ಒಂದು ಎಳೆ ಸುಮಾರು 70 ಮೈಕ್ರಾನ್ ಇರುತ್ತೆ. ಅಂದ್ರೆ ಹತ್ತು, ಹನ್ನೆರಡು ಲಕ್ಷದ ಕಾರಿನ ಹೊಳಪೆಲ್ಲಾ ನಿಂತಿರೋದು ಒಂದು ಕೂದಲಿಗಿಂತ ತೆಳ್ಳಗಿರೋ ಪದರದ ಮೇಲೆ. ಬಿಸಿಲಿನ ಅತಿನೇರಳೆ ಕಿರಣ ತಡೆಯೋ ರಾಸಾಯನಿಕಗಳು ಇರೋದೂ ಅಲ್ಲೇ. ಆ ಪದರ ಹೋಯ್ತು ಅಂದ್ರೆ ಬಣ್ಣ ಮಂಕಾಗುತ್ತೆ, ಹಳೇ ಕಾರುಗಳ ಟಾಪ್ ಮೇಲೆ ನೋಡಿರ್ತೀರಲ್ಲ, ಬಿಳಿ ಬಿಳಿ ಚಕ್ಕೆ ಎದ್ದಿರುತ್ತೆ, ಹಾಗಾಗುತ್ತೆ.

ಇದನ್ನ ಯಾಕೆ ಹೇಳ್ದೆ ಅಂದ್ರೆ, "ಪಾಲಿಶ್ ಮಾಡಿಸೋಣ ಬಿಡಿ, ಗೀರೆಲ್ಲಾ ಹೋಗುತ್ತೆ" ಅಂತ ಜನ ಸಲೀಸಾಗಿ ಹೇಳ್ತಾರೆ. ಮೆಷಿನ್ ಪಾಲಿಶ್ ಗೀರನ್ನ ತುಂಬಲ್ಲ. ಗೀರಿನ ಸುತ್ತಮುತ್ತ ಇರೋ ಕ್ಲಿಯರ್ ಕೋಟನ್ನ ಸವೆಸಿ ಸಮ ಮಾಡುತ್ತೆ. ಪ್ರತಿ ಸಲ ಎರಡು ಮೂರು ಮೈಕ್ರಾನ್ ಹೋಗುತ್ತೆ, ಒರಟು ಪ್ಯಾಡ್ ಹಾಕಿದ್ರೆ ಇನ್ನೂ ಜಾಸ್ತಿ. ಇದು ಬ್ಯಾಂಕಲ್ಲಿ ಹಾಕಿದ ಠೇವಣಿ ಇದ್ದ ಹಾಗೆ, ತೆಗೀಬಹುದು, ವಾಪಸ್ ತುಂಬೋಕಾಗಲ್ಲ. ಅದಕ್ಕೇ ರಕ್ಷಣೆಯ ಪದರ ಬೇಕಾಗೋದು: ಪೆಟ್ಟು ತಿನ್ನೋದು ಅದು ತಿನ್ನಲಿ, ಕ್ಲಿಯರ್ ಕೋಟ್ ಉಳೀಲಿ ಅಂತ.

ನಾಲ್ಕು ಬಗೆಯ ಕವಚ

ಮಾರ್ಕೆಟ್‌ನಲ್ಲಿ ನೂರೆಂಟು ಹೆಸರಿವೆ. ಆದ್ರೆ ಜಾತಿ ನಾಲ್ಕೇ.

ಒಂದು, ವ್ಯಾಕ್ಸ್. ಬ್ರೆಜಿಲ್‌ನಲ್ಲಿ ಬೆಳೆಯೋ ಕಾರ್ನೌಬಾ ಅನ್ನೋ ತಾಳೆ ಜಾತಿಯ ಮರದ ಎಲೆಯಿಂದ ಸಿಗೋ ಮೇಣ. ಹೊಳಪು ಚೆನ್ನಾಗಿ ಬರುತ್ತೆ, ನೀವೇ ಮನೇಲಿ ಹಚ್ಚಬಹುದು. ನಮ್ಮ ಬಿಸಿಲಲ್ಲಿ ಕೆಲವು ವಾರ, ಹೆಚ್ಚಂದ್ರೆ ಎರಡು ತಿಂಗಳು.

ಎರಡು, ಸೀಲೆಂಟ್. ಇದು ಕೃತಕ ಪಾಲಿಮರ್. ವ್ಯಾಕ್ಸಿಗಿಂತ ಜಾಸ್ತಿ ದಿನ ಇರುತ್ತೆ, ಕೆಲವು ತಿಂಗಳು.

ಮೂರು, ಸೆರಾಮಿಕ್. ಸಿಲಿಕಾ ಆಧಾರದ ದ್ರವ. ಹಚ್ಚಿದ ಮೇಲೆ ಗಟ್ಟಿಯಾಗಿ ಕ್ಲಿಯರ್ ಕೋಟಿಗೆ ಬೆಸೆದುಕೊಳ್ಳುತ್ತೆ. ಇದರ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಅಷ್ಟೇ. ನೋಡಿಕೊಂಡ್ರೆ ವರ್ಷಗಟ್ಟಲೆ ಬರುತ್ತೆ.

ನಾಲ್ಕು, ಪಿಪಿಎಫ್. ಇದು ದ್ರವ ಅಲ್ಲ, ಅಂಟಿಸೋ ಪಾರದರ್ಶಕ ಫಿಲ್ಮ್. ಪಾಲಿಯುರೆಥೇನ್ ಜಾತಿಯದ್ದು, ದಪ್ಪ 150ರಿಂದ 200 ಮೈಕ್ರಾನ್. ಕಲ್ಲು ಹಾರಿ ಬಡಿದ್ರೆ ತಡೆಯೋ ಶಕ್ತಿ ಇರೋದು ಇದಕ್ಕೆ ಮಾತ್ರ.

ಈ ಕೊನೇ ಮಾತು ನೆನಪಿಟ್ಟುಕೊಳ್ಳಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ವಾರಾವಾರ ಓಡಾಡೋರು ಜಾಸ್ತಿ ಆದ್ರು. ವೇಗ ಜಾಸ್ತಿ ಇದ್ದಷ್ಟೂ ಮುಂದಿನ ಲಾರಿಯಿಂದ ಹಾರೋ ಜಲ್ಲಿ ಜೋರಾಗಿ ಬಡಿಯುತ್ತೆ. ಸಂಜೆ ಹೊತ್ತು ಮಂಡ್ಯದ ಗದ್ದೆ ಬಯಲು ದಾಟಿ ಬಂದ್ರೆ ಬಂಪರ್ ತುಂಬಾ ಹುಳ. "ಸೆರಾಮಿಕ್ ಹಾಕ್ಸಿದ್ದೆ, ಆದ್ರೂ ಬಾನೆಟ್ ಮೇಲೆ ಚುಕ್ಕೆ ಬಿದ್ದಿದೆ" ಅಂತ ಬರ್ತಾರೆ. ಎರಡು ಮೈಕ್ರಾನ್ ಪದರ ಕಲ್ಲನ್ನ ಹೇಗೆ ತಡೆಯುತ್ತೆ ಹೇಳಿ? ಅದು ಅದರ ಕೆಲಸವೇ ಅಲ್ಲ. ನೀರು, ಕೊಳೆ, ಹಕ್ಕಿ ಹಿಕ್ಕೆ ಬೇಗ ಅಂಟದ ಹಾಗೆ ನೋಡಿಕೊಳ್ಳೋದು ಅದರ ಕೆಲಸ. ಹೈವೇ ಜಾಸ್ತಿ ಓಡಿಸೋರು ದುಡ್ಡಿದ್ರೆ ಬಂಪರ್, ಬಾನೆಟ್, ಮಿರರ್ ಇಷ್ಟಕ್ಕೆ ಮಾತ್ರ ಪಿಪಿಎಫ್ ಹಾಕಿಸಿ. ಇಡೀ ಕಾರಿಗೆ ಬೇಕಾಗಿಲ್ಲ.

ಇನ್ನೊಂದು ಮಾತು, "9ಎಚ್ ಹಾರ್ಡ್‌ನೆಸ್". ಎಲ್ಲಾ ಬೋರ್ಡಿನ ಮೇಲೂ ಇರುತ್ತೆ. ಕೇಳಿದ್ರೆ ವಜ್ರ 10, ಇದು 9 ಅಂತ ಅನ್ನಿಸುತ್ತೆ. ಹಾಗಲ್ಲ. ವಜ್ರಕ್ಕೆ 10 ಅಂಕ ಕೊಡೋದು ಖನಿಜಗಳ ಮೋಸ್ ಮಾಪಕ. 9ಎಚ್ ಅನ್ನೋದು ಪೆನ್ಸಿಲ್ ಪರೀಕ್ಷೆ. ಸ್ಕೂಲಲ್ಲಿ ಎಚ್‌ಬಿ, 2ಎಚ್ ಪೆನ್ಸಿಲ್ ಬಳಸಿದ್ದೀವಲ್ಲ, ಅದೇ ಸಾಲಿನ ಗಟ್ಟಿ ಪೆನ್ಸಿಲ್ 9ಎಚ್. ಅದರಿಂದ ಗೀಚಿದ್ರೂ ಗೀರು ಬೀಳಲಿಲ್ಲ ಅಂತ ಅರ್ಥ, ಅಷ್ಟೇ. ನಮ್ಮ ರಸ್ತೆ ಧೂಳಿನಲ್ಲಿರೋ ಮರಳಿನ ಕಣ ಇದೆಯಲ್ಲ, ಅದು ಕ್ವಾರ್ಟ್ಜ್, ಬೆಣಚುಕಲ್ಲಿನ ಪುಡಿ. ಪೆನ್ಸಿಲ್ಲಿಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೇಲಿ ಆ ಧೂಳನ್ನ ಉಜ್ಜಿದ್ರೆ ಯಾವ 9ಎಚ್ ಕೂಡ ಕಾಪಾಡಲ್ಲ.

ನಮ್ಮೂರಿಗೆ ಬಣ್ಣ ಹೊಸದಲ್ಲ

ಮೈಸೂರಿನವರಿಗೆ ಬೆಸೆದುಕೊಳ್ಳೋದು ಅಂದ್ರೇನು ಅಂತ ವಿವರಿಸೋದು ಸುಲಭ. ನಮ್ಮ ಬನ್ನಿಮಂಟಪದ ಹತ್ತಿರ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ ಶುರುವಾಗಿದ್ದು. ಲ್ಯಾಕ್ ಅಂದ್ರೆ ಅರಗು, ಕಾಡಿನ ಮರದಲ್ಲಿ ಪುಟ್ಟ ಕೀಟಗಳು ಸುರಿಸೋ ಅಂಟು. 1962ರ ಸಾರ್ವತ್ರಿಕ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಹಚ್ಚೋ ಅಳಿಸಲಾಗದ ಶಾಯಿ ತಯಾರಾಗೋದು ಅಲ್ಲೇ.

ಆ ಶಾಯಿಯಲ್ಲಿರೋದು ಸಿಲ್ವರ್ ನೈಟ್ರೇಟ್. ಅದು ಚರ್ಮದ ಮೇಲೆ ಸುಮ್ಮನೆ ಕೂರಲ್ಲ, ಚರ್ಮದ ಜೊತೆ ಪ್ರತಿಕ್ರಿಯೆ ಮಾಡಿ, ಬೆಳಕಿಗೆ ಕಪ್ಪಾಗಿ ನಿಲ್ಲುತ್ತೆ. ಸೋಪು ಹಾಕಿ ಎಷ್ಟು ತಿಕ್ಕಿದ್ರೂ ಹೋಗಲ್ಲ, ಚರ್ಮ ಸವೆದು ಹೊಸದು ಬಂದಾಗಲೇ ಹೋಗೋದು. ರಸಾಯನ ಬೇರೆ ಆದ್ರೂ ಸೆರಾಮಿಕ್ಕಿನ ಕಥೆಯೂ ಹೆಚ್ಚುಕಮ್ಮಿ ಹೀಗೇನೇ. ವ್ಯಾಕ್ಸ್ ಮೇಲೆ ಕೂತಿರುತ್ತೆ, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ್ರೆ ಎದ್ದುಹೋಗುತ್ತೆ. ಸೆರಾಮಿಕ್ ಬೆಸೆದಿರುತ್ತೆ, ಅದನ್ನ ತೆಗೀಬೇಕಾದ್ರೆ ಪಾಲಿಶ್ ಮಾಡಿ ಸವೆಸಬೇಕು. ಅಂದ್ರೆ ಅದು ತಾನಾಗೇ ಎದ್ದು ಓಡಿಹೋಗಲ್ಲ. ತಪ್ಪಾಗಿ ತೊಳೆದು ತೊಳೆದು ನಾವೇ ಸವೆಸೋದು, ಇಲ್ಲಾಂದ್ರೆ ಕೊಳೆಯಲ್ಲಿ ಮುಚ್ಚಿಹಾಕೋದು.

ಮೊದಲನೇ ಶತ್ರು: ನೀರು

ಆಶ್ಚರ್ಯ ಆಗಬಹುದು, ಆದ್ರೆ ನಮ್ಮಲ್ಲಿ ಕೋಟಿಂಗನ್ನ ಹಾಳು ಮಾಡೋದ್ರಲ್ಲಿ ನೀರಿಗೇ ಮೊದಲ ಸ್ಥಾನ. ಊರಿನ ಒಳಗೆ ನಲ್ಲಿಯಲ್ಲಿ ಕಾವೇರಿ, ಕಬಿನಿ ನೀರು ಬರೋ ಕಡೆ ತೊಂದರೆ ಕಮ್ಮಿ. ರಿಂಗ್ ರೋಡಿನ ಆಚೆ ಹೊಸ ಲೇಔಟುಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ಲೇ ಗತಿ. ಗಡಸು ನೀರು. ಬಿಸಿ ಮಾಡಿದ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಕುಡಿಯೋ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ರೆ 600ರ ತನಕ ಒಪ್ಪಬಹುದು ಅಂತಿದೆ. ಕುಡಿಯೋಕೆ ನಡೆಯೋ ನೀರು ಕಾರಿಗೆ ನಡೀಬೇಕು ಅಂತೇನಿಲ್ಲ.

ಸೆರಾಮಿಕ್ ಇರೋ ಕಾರಿನ ಮೇಲೆ ನೀರು ಮುತ್ತಿನ ಹಾಗೆ ಗುಂಡಗೆ ನಿಲ್ಲುತ್ತೆ. ರೀಲ್ಸಿಗೆ ಚೆನ್ನಾಗಿರುತ್ತೆ. ಆದ್ರೆ ಬಿಸಿಲಲ್ಲಿ ಆ ಮುತ್ತು ಅಲ್ಲೇ ಆರಿದ್ರೆ, ಅದರಲ್ಲಿದ್ದ ಲವಣವೆಲ್ಲಾ ಒಂದೇ ಜಾಗದಲ್ಲಿ ಗುಂಡಗೆ ಕಲೆಯಾಗಿ ಕೂರುತ್ತೆ. ಇದೇ ವಾಟರ್ ಸ್ಪಾಟ್. ನೀರು ಜಾರಿಸೋ ಗುಣವೇ ಒಣಗಿಸದಿದ್ದಾಗ ತಿರುಗುಬಾಣ ಆಗೋದು ಹೀಗೆ. ಹಾಗಾಗಿ ಕೋಟಿಂಗ್ ಇರೋ ಕಾರನ್ನ ತೊಳೆಯೋದಕ್ಕಿಂತ ಒರೆಸೋದು ಮುಖ್ಯ.

ಇನ್ನೊಂದು ವಿಷಯ ಕೇಳಿ. ನೀರು ಉಳಿಸೋಣ ಅಂತ ತುಂಬಾ ಮನೆಗಳಲ್ಲಿ ಆರ್‌ಒ ಫಿಲ್ಟರಿನಿಂದ ಹೊರಬರೋ ವೇಸ್ಟ್ ನೀರನ್ನ ಬಕೆಟಿನಲ್ಲಿ ಹಿಡಿದು ಅದರಲ್ಲಿ ಕಾರು ತೊಳೀತಾರೆ. ಉದ್ದೇಶ ಒಳ್ಳೇದೇ. ಆದ್ರೆ ಫಿಲ್ಟರ್ ಬೇಡ ಅಂತ ತೆಗೆದು ಹಾಕಿದ ಲವಣವೆಲ್ಲಾ ಇರೋದು ಆ ನೀರಲ್ಲೇ, ಬೋರ್‌ವೆಲ್ಲಿಗಿಂತಲೂ ಗಡಸು. ಅದನ್ನ ಬಾತ್‌ರೂಮಿಗೆ, ನೆಲ ತೊಳೆಯೋಕೆ ಬಳಸಿ, ಕಾರಿಗೆ ಬೇಡ. ಕಾರಿಗೆ ಅತ್ಯುತ್ತಮ ಅಂದ್ರೆ ಹಿಡಿದಿಟ್ಟ ಮಳೆನೀರು, ಲವಣ ಇಲ್ಲದ ಮೆತ್ತಗಿನ ನೀರು.

ಕಲೆ ಬಿದ್ದೇಬಿಟ್ಟಿದ್ರೆ? ಹೊಸದಾದ್ರೆ ಅಡುಗೆಮನೆಯ ಬಿಳಿ ವಿನೆಗರಿಗೆ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕ್ತಾರಲ್ಲ ಅದೇ, ಬೆರೆಸಿ. ನೆರಳಲ್ಲಿ, ತಣ್ಣಗಿರೋ ಬಾಡಿ ಮೇಲೆ, ಒದ್ದೆ ಬಟ್ಟೇಲಿ ಒಂದು ನಿಮಿಷ ಇಟ್ಟು ಮೆಲ್ಲಗೆ ಒರೆಸಿ, ಚೆನ್ನಾಗಿ ತೊಳೆದುಬಿಡಿ. ಹೋಗಲಿಲ್ಲ ಅಂದ್ರೆ ಲವಣ ಪದರವನ್ನ ತಿಂದು ಒಳಗಿಳಿದಿದೆ ಅಂತ ಅರ್ಥ. ಆಮೇಲೆ ಪಾಲಿಶ್ಶೇ ದಾರಿ, ಪಾಲಿಶ್ ಮಾಡಿದ ಜಾಗಕ್ಕೆ ಕೋಟಿಂಗ್ ಮತ್ತೆ ಹಾಕಬೇಕು.

ಎರಡನೇದು: ಮರದ ನೆರಳು

ಮೈಸೂರಿನ ಚೆಂದವೇ ಸಾಲುಮರ. ಬಿಸಿಲು ತಪ್ಪಿಸೋಕೆ ಎಲ್ಲರೂ ಗಾಡಿ ನಿಲ್ಲಿಸೋದೂ ಅದರ ಕೆಳಗೇ. ಮೇಲಿಂದ ಬೀಳೋದು ಎಲೆ, ಹೂವು, ಅಂಟು, ಹಕ್ಕಿ ಹಿಕ್ಕೆ. ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಸುತ್ತಮುತ್ತ ಇರೋರಿಗೆ ನಾನು ಹೇಳಬೇಕಾಗಿಲ್ಲ. ಆಲ, ಅತ್ತಿ, ನೇರಳೆ ಮರ ಇದ್ರೆ ರಾತ್ರಿ ಬಾವಲಿ ಬರುತ್ತೆ, ಬೆಳಗ್ಗೆ ಬಿಳಿ ಕಾರಿನ ಮೇಲೆ ನೇರಳೆ ಬಣ್ಣದ ಚಿತ್ತಾರ.

ಹಿಕ್ಕೆ ಯಾಕೆ ಅಪಾಯ? ಅದರಲ್ಲಿ ಯೂರಿಕ್ ಆಮ್ಲ ಇರುತ್ತೆ ಅನ್ನೋದು ಒಂದು. ಇನ್ನೊಂದು, ಬಿಸಿಲಿಗೆ ಕ್ಲಿಯರ್ ಕೋಟ್ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತೆ. ಅಷ್ಟರಲ್ಲಿ ಹಿಕ್ಕೆ ಒಣಗಿ ಗಟ್ಟಿಯಾಗಿರುತ್ತೆ. ಸಂಜೆ ತಣ್ಣಗಾದಾಗ ಕ್ಲಿಯರ್ ಕೋಟ್ ಆ ಹಿಕ್ಕೆಯ ಆಕಾರಕ್ಕೇ ಗಟ್ಟಿಯಾಗುತ್ತೆ. ತೊಳೆದ ಮೇಲೂ ಮಂಕಾದ ಗುರುತು ಉಳಿಯೋದು ಅದಕ್ಕೇ. ಕೋಟಿಂಗ್ ಇದ್ರೆ ನಿಮಗೆ ಸಿಗೋದು ಸ್ವಲ್ಪ ಹೆಚ್ಚು ಸಮಯ, ಅಷ್ಟೇ. ಬಿದ್ದಿದ್ದು ಕಂಡ ತಕ್ಷಣ ತೆಗೀರಿ.

ಹೇಗೆ ತೆಗೀಬೇಕು ಅನ್ನೋದೂ ಮುಖ್ಯ. ಉಗುರಲ್ಲಿ ಕೆರೆಯೋದು ಬೇಡ, ಒಣ ಟಿಶ್ಯೂ ಪೇಪರ್ ಬೇಡ. ಕಾರಲ್ಲಿ ಒಂದು ಚಿಕ್ಕ ಸ್ಪ್ರೇ ಬಾಟಲಿ, ಒಂದು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ಒದ್ದೆ ಬಟ್ಟೆಯನ್ನ ಅದರ ಮೇಲೆ ಎರಡು ನಿಮಿಷ ಹಾಗೇ ಇಡಿ, ನೆನೀಲಿ. ಆಮೇಲೆ ಎತ್ತಿ ತೆಗೀರಿ, ತಿಕ್ಕಬೇಡಿ. ಮೇಣದ ಹಾಗೆ ಅಂಟಿರೋ ಮರದ ರಸ, ಎಕ್ಸ್‌ಪ್ರೆಸ್‌ವೇ ಹುಳ, ಎಲ್ಲದಕ್ಕೂ ಇದೇ ಮಂತ್ರ: ಮೊದಲು ನೆನೆಸು, ಆಮೇಲೆ ಒರೆಸು.

ತೊಳೆಯೋ ಕ್ರಮ

ಈಗ ಕೆಲಸದ ಮಾತು. ಕೋಟಿಂಗ್ ಹಾಕಿಸಿದ ಮೊದಲ ಒಂದು ವಾರ ತೊಳೀಬೇಡಿ, ಅದು ಪೂರ್ತಿ ಗಟ್ಟಿಯಾಗಬೇಕು. ಆಮೇಲೆ ಎರಡು ವಾರಕ್ಕೊಮ್ಮೆ ಸಾಕು, ಮಳೆಗಾಲದಲ್ಲಿ ಕೆಸರು ಜಾಸ್ತಿ ಇದ್ರೆ ವಾರಕ್ಕೊಮ್ಮೆ.

ಬೆಳಗ್ಗೆ ಅಥವಾ ಸಂಜೆ, ನೆರಳಲ್ಲಿ. ಬಾನೆಟ್ ಮುಟ್ಟಿದ್ರೆ ತಣ್ಣಗಿರಬೇಕು. ಮೊದಲು ಚಕ್ರ ತೊಳೀರಿ, ಅಲ್ಲಿನ ಬ್ರೇಕ್ ಧೂಳು ಆಮೇಲೆ ಬಾಡಿ ಮೇಲೆ ಹಾರಬಾರದು. ಚಕ್ರದ ಬಟ್ಟೆ ಬೇರೆ, ಬಾಡಿ ಬಟ್ಟೆ ಬೇರೆ. ಆಮೇಲೆ ಮೇಲಿಂದ ಕೆಳಕ್ಕೆ ಬರೀ ನೀರು ಹಾಕಿ, ಸಡಿಲ ಇರೋ ಧೂಳು ಹರಿದುಹೋಗಲಿ. ಪ್ರೆಶರ್ ವಾಷರ್ ಇದ್ರೆ ಮೂತಿಯನ್ನ ಒಂದಡಿ ದೂರ ಹಿಡೀರಿ, ಪಿಪಿಎಫ್ ಅಂಚಿಗೆ ನೇರ ಹೊಡೀಬೇಡಿ, ಎದ್ದುಬರುತ್ತೆ.

ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಪಿಎಚ್ ನ್ಯೂಟ್ರಲ್ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಶಾಂಪೂವಿನಲ್ಲಿ ಅದ್ದು, ಒಂದು ಪ್ಯಾನೆಲ್ ಒರೆಸು, ಬರೀ ನೀರಲ್ಲಿ ಜಾಲಿಸು, ಮತ್ತೆ ಶಾಂಪೂಗೆ. ಹೀಗೆ ಮಾಡಿದ್ರೆ ಒಂದು ಬಾಗಿಲಿನ ಮರಳು ಇನ್ನೊಂದು ಬಾಗಿಲಿಗೆ ಹೋಗಲ್ಲ. ಟಾಪ್, ಗಾಜು, ಬಾನೆಟ್, ಬಾಗಿಲಿನ ಮೇಲ್ಭಾಗ, ಕೊನೆಗೆ ಕೆಳಭಾಗ. ಸುತ್ತಿ ಸುತ್ತಿ ಉಜ್ಜಬೇಡಿ, ನೇರವಾಗಿ ಎಳೀರಿ. ಬಟ್ಟೆ ನೆಲಕ್ಕೆ ಬಿದ್ರೆ ಆ ದಿನಕ್ಕೆ ಅದರ ಕೆಲಸ ಮುಗೀತು, ಬೇರೆ ತಗೊಳ್ಳಿ.

ಕೊನೆಯಲ್ಲಿ ಪೈಪಿನ ಮೂತಿ ತೆಗೆದು ಮೆಲ್ಲಗೆ ನೀರು ಹರಿಬಿಡಿ. ಕೋಟಿಂಗ್ ಚೆನ್ನಾಗಿದ್ರೆ ಆ ನೀರು ಹಾಳೆ ಎಳೆದ ಹಾಗೆ ಜಾರಿ, ಹನಿಗಳನ್ನೂ ಎಳೆದುಕೊಂಡು ಹೋಗುತ್ತೆ. ಉಳಿದಿದ್ದನ್ನ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಹೀರಿಸಿ. ಹಳೇ ಬನಿಯನ್, ಹಳೇ ಪಂಚೆ ದಯವಿಟ್ಟು ಬೇಡ. ಬಟ್ಟೆ ಮೆತ್ತಗಿರಬಹುದು, ಹೊಲಿಗೆ ಮೆತ್ತಗಿರಲ್ಲ.

"ಕೋಟಿಂಗ್ ಸತ್ತುಹೋಯ್ತು" ಅನ್ನೋ ಮುಂಚೆ

ಆರೇಳು ತಿಂಗಳಾದ ಮೇಲೆ ನೀರು ಮುತ್ತಿನ ಹಾಗೆ ನಿಲ್ಲೋದು ಕಮ್ಮಿ ಆಗುತ್ತೆ. ತಕ್ಷಣ ಅಂಗಡಿಗೆ ಓಡ್ತಾರೆ, ಅಲ್ಲಿ "ಹೋಗಿದೆ ಸಾರ್, ಹೊಸದು ಹಾಕ್ಸಿ" ಅಂತಾರೆ. ತಡೀರಿ. ಅನೇಕ ಸಲ ಕೋಟಿಂಗ್ ಕೆಳಗೆ ಹಾಗೇ ಇರುತ್ತೆ, ಮೇಲೆ ಕೊಳೆಯ ತೆಳು ಪದರ ಕಟ್ಟಿರುತ್ತೆ. ಬ್ರೇಕಿನಿಂದ ಹಾರೋ ಕಬ್ಬಿಣದ ಕಣ, ಡಾಂಬರು, ಲವಣ. ಚೆನ್ನಾಗಿ ಶಾಂಪೂ ಮಾಡಿ, ನೆರಳಲ್ಲಿ ಐರನ್ ರಿಮೂವರ್ ಸ್ಪ್ರೇ ಮಾಡಿ. ಕಬ್ಬಿಣ ಇದ್ದ ಕಡೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತೆ. ಒಣಗೋಕೆ ಬಿಡದೇ ತೊಳೀರಿ. ಡಾಂಬರಿಗೆ ಟಾರ್ ರಿಮೂವರ್. ಇಷ್ಟಾದ ಮೇಲೆ ನೀರು ಹಾಕಿ ನೋಡಿ. ತುಂಬಾ ಕಾರುಗಳಲ್ಲಿ ಮುತ್ತು ವಾಪಸ್ ಬರುತ್ತೆ. ಅದರ ಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಸಿಲಿಕಾ ಇರೋ ಟಾಪರ್ ಸ್ಪ್ರೇ ಹಾಕಿದ್ರೆ ಸಾಕು. ಕೆಲವು ನೂರು ರೂಪಾಯಿಯಲ್ಲಿ ಮುಗಿಯೋ ಕೆಲಸಕ್ಕೆ ಇಪ್ಪತ್ತು ಸಾವಿರ ಕೊಡಬೇಡಿ. ಎಲ್ಲಾ ಮಾಡಿದ ಮೇಲೂ ನೀರು ಚಪ್ಪಟೆಯಾಗಿ ಅಂಟಿಕೊಂಡೇ ನಿಂತ್ರೆ, ಆಗ ಹೊಸ ಕೋಟಿಂಗ್ ಯೋಚನೆ ಮಾಡಿ.

ಆಯುಧ ಪೂಜೆ ಮರುದಿನ

ಮೈಸೂರಲ್ಲಿ ಇದ್ದು ಇದನ್ನ ಹೇಳದೇ ಇರೋಕಾಗಲ್ಲ. ಮಹಾನವಮಿಗೆ ಅರಮನೆಯಲ್ಲಿ ಪಟ್ಟದ ಆನೆ, ಪಟ್ಟದ ಕುದುರೆ, ಆಯುಧಗಳಿಗೆ ಪೂಜೆ, ನಮ್ಮ ಬೀದಿಗಳಲ್ಲಿ ಸೈಕಲ್ಲಿಂದ ಲಾರಿವರೆಗೆ ಎಲ್ಲಕ್ಕೂ ಪೂಜೆ. ನಮ್ಮ ಶೆಡ್ಡಲ್ಲೂ ಪಾಲಿಶ್ ಮೆಷಿನ್ನಿಗೆ ಹೂವು ಹಾಕೇ ಹಾಕ್ತೀವಿ. ಪೂಜೆ ಬೇಡ ಅಂತ ನಾನು ಹೇಳ್ತಿಲ್ಲ. ಬಣ್ಣ ಉಳಿಸಿಕೊಂಡು ಮಾಡೋದು ಹೇಗೆ ಅಂತ ಹೇಳ್ತೀನಿ.

ಅರಿಶಿನ, ಕುಂಕುಮವನ್ನ ಬಾನೆಟ್ ಬಣ್ಣದ ಮೇಲೆ ಹಚ್ಚೋ ಬದಲು ಗಾಜಿಗೆ, ನಂಬರ್ ಪ್ಲೇಟಿಗೆ, ಟೈರಿಗೆ ಹಚ್ಚಿ. ಅಂಗಡಿಯ ಎಷ್ಟೋ ಕುಂಕುಮದಲ್ಲಿ ಕೃತಕ ಬಣ್ಣ ಇರುತ್ತೆ, ಬಿಳಿ ಕಾರಿಗೆ ಕಲೆ ಹಿಡಿಯುತ್ತೆ. ಅರಿಶಿನದ ಕಲೆ ಬಿಸಿಲಿಗೆ ಕ್ರಮೇಣ ತಾನೇ ಮಾಸುತ್ತೆ, ಅದಕ್ಕೆ ಗಾಬರಿ ಬೇಡ, ತಿಕ್ಕೋದೂ ಬೇಡ. ಬಾಳೆಕಂದು ಕಟ್ಟಿದ್ರೆ ಹಗ್ಗ, ಕಂದು ಎರಡೂ ಬಂಪರಿಗೆ ಉಜ್ಜದ ಹಾಗೆ ಮಧ್ಯೆ ಒಂದು ಬಟ್ಟೆ ಇಡಿ. ಬಾಳೆ ಹಾಲು ಬಟ್ಟೆಗೆ ಬಿದ್ರೆ ಹೋಗಲ್ಲ ಅಂತ ಅಮ್ಮಂದಿರು ಬೈತಾರಲ್ಲ, ಕಾರಿಗೂ ಅದೇ ಮಾತು. ಹೂವಿನ ಹಾರಕ್ಕೆ ಅಂಟಿಸಿದ ಟೇಪನ್ನ ಆ ಸಂಜೆಯೇ ತೆಗೀರಿ, ನಾಲ್ಕು ದಿನ ಬಿಸಿಲು ತಿಂದ ಟೇಪು ಗೋಂದು ಬಿಟ್ಟು ಹೋಗುತ್ತೆ. ವಿಭೂತಿ, ಗಂಧ, ಕುಂಕುಮ ಯಾವುದನ್ನೂ ಒಣಗಿದ್ದಾಗ ಒರೆಸಬೇಡಿ, ನೀರು ಹರಿಸಿ ತೆಗೀರಿ. ಬೂದುಗುಂಬಳಕಾಯಿ ಒಡೆದ್ರೆ ಚೂರುಗಳನ್ನ ರಸ್ತೆಯಿಂದ ಎತ್ತಿ ಪಕ್ಕಕ್ಕೆ ಹಾಕಿ. ಅದು ಬಣ್ಣದ ಮಾತಲ್ಲ, ಹಿಂದೆ ಬರೋ ಬೈಕಿನವರ ಜೀವದ ಮಾತು.

ಬೆಳಗ್ಗೆ ಆರು ಗಂಟೆಯ ಕೈಗಳು

ಇಷ್ಟೆಲ್ಲಾ ಕೇಳಿ ನೀವು ಹೇಳಬಹುದು, "ನಮ್ಮ ಕಾರು ನಾವೆಲ್ಲಿ ತೊಳೀತೀವಿ, ಅಪಾರ್ಟ್‌ಮೆಂಟಲ್ಲಿ ಬರ್ತಾರಲ್ಲ ಅವ್ರು ತೊಳೀತಾರೆ." ಸರಿ. ಆ ಮನುಷ್ಯನ ಕೈಯಲ್ಲಿ ಏನಿದೆ ಅಂತ ನೋಡಿದ್ದೀರಾ? ಒಂದು ಬಕೆಟ್, ಒಂದು ಬಟ್ಟೆ, ಏಳೂವರೆ ಒಳಗೆ ಮುಗಿಸಬೇಕಾದ ಹದಿನೈದು, ಇಪ್ಪತ್ತು ಕಾರು. ತಿಂಗಳಿಗೆ ಒಂದು ಕಾರಿಗೆ ನಾವು ಕೊಡೋದು ಒಂದು ಪಿಜ್ಜಾ ದುಡ್ಡು. ಅದೇ ನೀರು, ಅದೇ ಬಟ್ಟೆ ಒಂದು ಕಾರಿನಿಂದ ಇನ್ನೊಂದಕ್ಕೆ ಹೋಗುತ್ತೆ. ಬಿಸಿಲಲ್ಲಿ ಕಾಣೋ ಜೇಡರ ಬಲೆಯಂಥ ಗೀರುಗಳು ಹುಟ್ಟೋದು ಅಲ್ಲೇ. ಅವರನ್ನ ಬೈದು ಏನು ಪ್ರಯೋಜನ? ನಿಮ್ಮ ಕಾರಿಗೆ ಅಂತ ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಬಾಟಲಿ ಶಾಂಪೂ ಕೊಡಿ. "ಅಣ್ಣ, ದಿನಾ ಒಣಗಿದ ಬಟ್ಟೇಲಿ ಒರೆಸೋದು ಬೇಡ, ವಾರಕ್ಕೆ ಒಂದೇ ಸಲ ತೊಳೀರಿ, ದುಡ್ಡು ಅಷ್ಟೇ ಕೊಡ್ತೀನಿ" ಅನ್ನಿ. ಅವರಿಗೂ ಹಗುರ, ಕಾರಿಗೂ ಒಳ್ಳೇದು.

ಇನ್ನೊಂದು, ಇದು ಸೀರಿಯಸ್. ಕೆಲವು ಕಡೆ ವಾಟರ್ ಸ್ಪಾಟ್, ವೀಲ್ ಕಲೆ ತೆಗೆಯೋಕೆ ಜೋರಾದ ಆಸಿಡ್ ಬಳಸ್ತಾರೆ. ಅಂಥ ಕೆಲವು ಕ್ಲೀನರುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತೆ. ಚರ್ಮಕ್ಕೆ ತಾಗಿದ್ರೆ ತಕ್ಷಣ ಉರಿ ಗೊತ್ತಾಗದೇ ಇರಬಹುದು, ಆದ್ರೆ ಒಳಗಿಳಿದು ಮೂಳೆಯವರೆಗೂ ಹಾನಿ ಮಾಡುತ್ತೆ. ಬಾಟಲಿ ಮೇಲೆ ಏನಿದೆ ಅಂತ ಬರೆದಿಲ್ಲದ ಕ್ಲೀನರನ್ನ ಮನೇಲಿ ಬಳಸಬೇಡಿ, ಬರಿಗೈಯಲ್ಲಿ ಬಳಸೋಕೆ ಕೆಲಸದ ಹುಡುಗರಿಗೂ ಬಿಡಬೇಡಿ. ಯಾವ ಹೊಳಪೂ ಒಬ್ಬರ ಬೆರಳಿಗಿಂತ ದೊಡ್ಡದಲ್ಲ.

ನೀರಿನ ಲೆಕ್ಕವೂ ಇರಲಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯೋ ನೀರಲ್ಲಿ ವಾಹನ ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ನೆನಪಿರಬೇಕು. ಪೈಪ್ ಬಿಟ್ಟು ತೊಳೆದ್ರೆ ನೂರು ಲೀಟರ್ ಸಲೀಸಾಗಿ ಹೋಗುತ್ತೆ. ಬರೀ ಧೂಳಿದ್ದ ಕಾರಿಗೆ ರಿನ್ಸ್‌ಲೆಸ್ ವಾಷ್ ಅಂತ ದ್ರವ ಸಿಗುತ್ತೆ, ಹತ್ತು ಲೀಟರಿನ ಒಂದು ಬಕೆಟ್, ಐದಾರು ಬಟ್ಟೆಯಲ್ಲಿ ಕೆಲಸ ಮುಗಿಯುತ್ತೆ. ಕೋಟಿಂಗ್ ಇರೋ ಕಾರಿಗೆ ಇದು ಚೆನ್ನಾಗಿ ಹೊಂದುತ್ತೆ, ಕೊಳೆ ಮೊದಲೇ ಸಡಿಲ ಇರುತ್ತಲ್ಲ. ಕೆಸರು ಮೆತ್ತಿದ್ರೆ ಮಾತ್ರ ಇದು ಬೇಡ.

ಸಹಿ ಹಾಕೋ ಮುಂಚೆ

ಕೊನೇದಾಗಿ ದುಡ್ಡಿನ ಮಾತು. ನನಗೆ ಗೊತ್ತಿರೋ ಒಬ್ಬ ಹುಡುಗ, ಮೊದಲ ಕೆಲಸ, ಮೊದಲ ಕಾರು. ಐದು ವರ್ಷ ವಾರಂಟಿ ಅಂತ ಕೋಟಿಂಗ್ ಹಾಕಿಸಿದ. ಎರಡನೇ ವರ್ಷ ಕಲೆ ಬಿತ್ತು ಅಂತ ಹೋದಾಗ, ಆರು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಮೆಂಟೆನೆನ್ಸ್ ಮಾಡಿಸಿಲ್ಲ, ವಾರಂಟಿ ಇಲ್ಲ ಅಂದ್ರು. ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಹಾಕೋ ದಿನ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ವಾಟರ್ ಸ್ಪಾಟ್, ಹಕ್ಕಿ ಹಿಕ್ಕೆ, ಗೀರು ಮೂರೂ ವಾರಂಟಿಯ ಹೊರಗೆ ಅಂತಲೂ ಇತ್ತು. ಹಾಗಾದ್ರೆ ಒಳಗೆ ಉಳಿದಿದ್ದೇನು?

ಅದಕ್ಕೆ ನೀವು ಕೇಳಬೇಕಾದ ನಾಲ್ಕು ಪ್ರಶ್ನೆ. ಯಾವ ಪ್ರಾಡಕ್ಟ್, ಮೊಹರಾದ ಬಾಟಲಿ ನನ್ನೆದುರು ತೆಗೀತೀರಾ? ಹಾಕೋ ಮುಂಚೆ ಎಷ್ಟು ಪಾಲಿಶ್ ಮಾಡ್ತೀರಾ, ಥಿಕ್‌ನೆಸ್ ಗೇಜಿನಲ್ಲಿ ಮುಂಚೆ, ಆಮೇಲೆ ಎಷ್ಟು ಬಂತು ಅಂತ ತೋರಿಸ್ತೀರಾ? ವಾರಂಟಿಯಲ್ಲಿ ಏನು ಬರಲ್ಲ? ವರ್ಷಕ್ಕೆ ಮೆಂಟೆನೆನ್ಸ್ ಖರ್ಚು ಎಷ್ಟು? ಉತ್ತರವನ್ನ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಜಿಎಸ್‌ಟಿ ಬಿಲ್ಲೇ ತಗೊಳ್ಳಿ. ಹೇಳಿದ್ದು ಒಂದು, ಮಾಡಿದ್ದು ಒಂದು ಆದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೈಯಲ್ಲಿ ಬಿಲ್ ಇಲ್ಲದಿದ್ರೆ ಎರಡೂ ಕಡೆ ಕಷ್ಟ.

ಎಲ್ಲರಿಗೂ ಕೋಟಿಂಗ್ ಬೇಕಾ? ಇಲ್ಲ. ಈ ಕೆಲಸದಿಂದಲೇ ಅನ್ನ ತಿನ್ನೋನಾಗಿ ಹೇಳ್ತಿದ್ದೀನಿ. ದಿನಾ ಏರ್‌ಪೋರ್ಟ್ ಟ್ರಿಪ್ ಹೊಡೆಯೋ ಹಳದಿ ಬೋರ್ಡಿನ ಅಣ್ಣಂದಿರು ಬಂದು ಕೇಳಿದಾಗ ನಾನು ಹೇಳೋದು, ಆ ದುಡ್ಡನ್ನ ಟೈರಿಗೆ ಹಾಕಿ, ಬಣ್ಣಕ್ಕೆ ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಸಾಕು. ಎರಡು ಮೂರು ವರ್ಷಕ್ಕೆ ಕಾರು ಮಾರೋ ಯೋಚನೆ ಇರೋರಿಗೆ ಸೀಲೆಂಟ್ ಸಾಕು. ಎಂಟು ಹತ್ತು ವರ್ಷ ಇಟ್ಟುಕೊಳ್ತೀನಿ, ಬಯಲಲ್ಲೇ ನಿಲ್ಲಿಸ್ತೀನಿ, ತೊಳೆಯೋ ಕ್ರಮ ಪಾಲಿಸ್ತೀನಿ ಅನ್ನೋರಿಗೆ ಸೆರಾಮಿಕ್ ಕೊಟ್ಟ ದುಡ್ಡಿಗೆ ಮೋಸ ಮಾಡಲ್ಲ. ಕೈ ಬಿಗಿ ಇದ್ರೆ ಒಂದು ಒಳ್ಳೇ ಶಾಂಪೂ, ಎರಡು ಬಕೆಟ್, ನಾಲ್ಕು ಬಟ್ಟೆ. ಸಾವಿರ ಚಿಲ್ಲರೆ ರೂಪಾಯಿಯ ಈ ಸಾಮಾನು, ಸರಿಯಾಗಿ ಬಳಸಿದ್ರೆ, ನೋಡಿಕೊಳ್ಳದ ನಲವತ್ತು ಸಾವಿರದ ಕೋಟಿಂಗಿಗಿಂತ ಚೆನ್ನಾಗಿ ಕಾರನ್ನ ಕಾಪಾಡುತ್ತೆ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಕಾರಿನ ಬಾನೆಟ್ ಮೇಲೆ ಒಂದು ಚೊಂಬು ನೀರು ಹಾಕಿ, ಅದು ಹೇಗೆ ಜಾರುತ್ತೆ, ಎಲ್ಲಿ ನಿಲ್ಲುತ್ತೆ ಅಂತ ನೋಡಿ. ನಿಂತ ಕಡೆ ಏನು ಮಾಡಬೇಕು ಅಂತ ಈಗ ನಿಮಗೆ ಗೊತ್ತು. ನೋಡಿದ ಮೇಲೆ ಒರೆಸೋದು ಮರೀಬೇಡಿ, ಬೋರ್‌ವೆಲ್ ನೀರಾದ್ರೆ ಅಂತೂ ಖಂಡಿತ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.